ಹಿಮ, ಎರಿ ಮಣ್ಣು ಮತ್ತು ತಂಗಿಯ ಬೂಟು

ಬ್ಲಾಗಿನ ಕಡೆ ತಲೆ ಹಾಕಿ ಭಾಳ ದಿನ ಆಯ್ತು. ಪಾಸ್‌ವರ್ಡೇ ಮರೆತು ಹೋಗಿತ್ತು ಅಂದ್ರೆ ನೀವು ನಗ್ತೀರಿ. ಹೇಗೋ ಒಳಗೆ ಬಂದು ನೋಡಿದರೆ ಡ್ರಾಫ್ಟಿನಲ್ಲಿ ಹನ್ನೊಂದು ಅರ್ಧಂಬರ್ಧ ಬರಹಗಳು ಧೂಳು ತಿನ್ನುತ್ತಾ ಕೂತಿವೆ. ಅದರಲ್ಲಿ ಒಂದಕ್ಕೆ "ಸ್ಕೀಯಿಂಗ್" ಅಂತಷ್ಟೇ ಹೆಸರು. ತಾರೀಖು 2023ರ ಮಾರ್ಚ್ 12. ನಾಲ್ಕು ಸಾಲು ಬರೆದು ಬಿಟ್ಟುಬಿಟ್ಟಿದ್ದೆ. ಯಾಕೆ ಬಿಟ್ಟೆ ಅಂತ ನನಗೆ ಚೆನ್ನಾಗಿ ಗೊತ್ತು. ಮೊನ್ನೆ ತಂಗಿಯ ಫೋನ್ ಬಂದ ಮೇಲೆ, ಇರಲಿ, ಇದನ್ನ ಮುಗಿಸಿಯೇ ಬಿಡೋಣ ಅನ್ನಿಸಿತು.

ನವಲಗುಂದ ತಾಲೂಕಿನವನು ಸ್ಕೀಯಿಂಗ್ ಬಗ್ಗೆ ಏನು ಬರೀತಾನೆ ಅಂತ ಕೇಳಬೇಡಿ. ನಾನು ಕಣ್ಣಾರೆ ಕಂಡಿರೋ ಹಿಮ ಅಂದ್ರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳೋದು, ಮತ್ತೆ ಚಿಕ್ಕವನಿದ್ದಾಗ ಒಂದು ಬೇಸಿಗೆಯಲ್ಲಿ ಬಿದ್ದ ಆಣೆಕಲ್ಲು. ಅವತ್ತು ನಾನೂ ತಂಗಿಯೂ ಒಂದು ಚರಿಗೆ ತುಂಬ ಆರಿಸಿಕೊಂಡು ಬಂದು, ಅವ್ವನಿಗೆ ತೋರಿಸೋ ಅಷ್ಟರಲ್ಲಿ ಅರ್ಧ ಚರಿಗೆ ನೀರಾಗಿತ್ತು. ನಮ್ಮ ಹಿಮದ ಕಥೆ ಅಲ್ಲಿಗೆ ಮುಗೀತು.

2023ರ ಹೋಳಿಗೆ ಊರಿಗೆ ಹೋಗಿದ್ದೆ. ಆಫೀಸಿನಲ್ಲಿ ಇನ್ನೂ ಮನೆಯಿಂದ ಕೆಲಸ ಮಾಡೋಕೆ ಬಿಡ್ತಿದ್ರು. ಎರಡು ವಾರ ಊರಲ್ಲೇ ಇದ್ದೆ. ಕಡಲೆ ರಾಶಿ ಮುಗಿದು, ಹೊಲ ಎಲ್ಲಾ ಬರಿದಾಗಿ, ಎರಿ ಭೂಮಿ ಕೈ ಹಿಡಿಸೋ ಅಷ್ಟು ಬಿರುಕು ಬಿಟ್ಟುಕೊಂಡು ಬಿದ್ದಿರೋ ಕಾಲ. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗೋದು ಮಾಳಿಗೆ ಮೇಲೆ ಮಾತ್ರ. ಹಾಗಾಗಿ ಹಗಲೆಲ್ಲಾ ಕೆಳಗೆ ಫ್ಯಾನಿನ ಅಡಿ ಕೋಡ್ ಬರೆಯೋದು, ಕಾಲ್ ಇದ್ದಾಗ ಲ್ಯಾಪ್‌ಟಾಪ್ ಎತ್ತಿಕೊಂಡು ಏಣಿ ಹತ್ತೋದು. ಓಣಿಯ ಹುಡುಗರಿಗೆ ಅದೊಂದು ತಮಾಷೆ. "ಸಾಫ್ಟ್‌ವೇರ್ ಕಾಗಿ ಹಾರಸಾಕ ಹೊಂಟ" ಅಂತ ಕೆಳಗಿಂದ ಕೂಗ್ತಿದ್ರು.

ತಂಗಿಯೂ ಬಂದಿದ್ದಳು. ಅವಳನ್ನು ಕೊಟ್ಟಿರೋದು ಕಲಘಟಗಿ ತಾಲೂಕಿನ ಒಂದು ಹಳ್ಳಿಗೆ. ನಮ್ಮದು ಕಣ್ಣು ಹಾಯಿಸಿದಷ್ಟೂ ಗಿಡ ಕಾಣದ ಬಯಲು, ಅವರದು ಕಾಡಿನಂಚು. ಮದುವೆಯಾದ ಹೊಸದರಲ್ಲಿ "ಅಲ್ಲಿ ಗಿಡಗೋಳು ಅಡ್ಡ ಬರ್ತಾವಪಾ, ದೂರ ಏನೂ ಕಾಣಂಗಿಲ್ಲ" ಅಂತ ಅಂದಿದ್ದು ನೆನಪಿದೆ. ಆ ಸಲ ಬಂದಿದ್ದು ಹರಕೆಗೆ. ನಮ್ಮ ನವಲಗುಂದದ ರಾಮಲಿಂಗ ಕಾಮಣ್ಣನ ಬಗ್ಗೆ ಕೇಳಿರ್ತೀರಿ. ಹೋಳಿ ಹುಣ್ಣಿಮೆ ಮುಂದೆ ಕೆಲವೇ ದಿನ ದರ್ಶನ. ಮದುವೆ, ಮಕ್ಕಳು, ನೌಕರಿ, ಏನು ಬೇಕೋ ಬೇಡಿಕೊಳ್ತಾರೆ, ಆದವರು ಮರುವರ್ಷ ಬಂದು ಹರಕೆ ತೀರಿಸ್ತಾರೆ. ಅವ್ವ ಬೇಡಿಕೊಂಡಿದ್ದಳಂತೆ, ತಂಗಿಗೆ ಮಗಳು ಹುಟ್ಟಿದ್ದಳು, ಹೋಗಿ ಬಂದ್ವಿ. ಪಾಳಿಯಲ್ಲಿ ಮೂರು ತಾಸು ನಿಂತಿದ್ದು ಬೇರೆಯೇ ಬರಹವಾಗುತ್ತೆ, ಈಗ ಬೇಡ.

ಈಗ ಸ್ಕೀಯಿಂಗಿಗೆ ಬರ್ತೀನಿ. ನಮ್ಮ ಕ್ಲೈಂಟ್ ಕಡೆ ಒಬ್ಬ ಮ್ಯಾನೇಜರಮ್ಮ ಇದ್ದರು, ವರ್ಮಾಂಟ್ ರಾಜ್ಯದವರು. ಬಹಳ ಖಡಕ್ ಹೆಂಗಸು, ರಜೆ ಅನ್ನೋ ಮಾತೇ ಗೊತ್ತಿಲ್ಲದವರು. ಅಂಥವರು ಆ ವಾರ ನಾಲ್ಕು ದಿನ ರಜೆ ಹಾಕಿದರು. ಯಾಕೆ ಅಂದ್ರೆ ಅವರ ಅಕ್ಕನ ಮಗಳು ಕಾಲೇಜಿನ ಸ್ಕೀ ತಂಡದಲ್ಲಿದ್ದಾಳೆ, ಎನ್‌ಸಿಎಎ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಆಯ್ಕೆಯಾಗಿದ್ದಾಳೆ, ಅದನ್ನು ನೋಡೋಕೆ ಹೋಗ್ತಾರೆ. ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್ ಅನ್ನೋ ಊರಲ್ಲಿ. ಚಿಕ್ಕ ಊರು, ಆದರೆ 1932 ಮತ್ತು 1980ರಲ್ಲಿ ಎರಡು ಸಲ ಚಳಿಗಾಲದ ಒಲಿಂಪಿಕ್ಸ್ ನಡೆಸಿದ ಊರು. ಹೋಗೋ ಮುಂಚೆ ಚಾಟ್‌ನಲ್ಲಿ ಎಲ್ಲರಿಗೂ ಲಿಂಕ್ ಹಾಕಿ, ಆದರೆ ನೋಡಿ ಅಂದರು. ಸೋಮವಾರ ಕಾಲ್‌ನಲ್ಲಿ ಮಾತಾಡೋಕೆ ಒಂದು ವಿಷಯ ಇರಲಿ ಅಂತ ನಾನು ನೋಡಲು ಕೂತೆ. ನಿಜ ಹೇಳಬೇಕಂದ್ರೆ ಅಷ್ಟೇ ಕಾರಣ. ಅಪ್ರೈಸಲ್ ಹತ್ತಿರ ಇತ್ತು :)

ಅಲ್ಲಿ ಬೆಳಿಗ್ಗೆ ಹತ್ತು ಅಂದ್ರೆ ನಮ್ಮಲ್ಲಿ ರಾತ್ರಿ ಎಂಟೂವರೆ. ಊಟ ಮುಗಿಸಿ ಮಾಳಿಗೆ ಮೇಲೆ ಜಮಖಾನ ಹಾಸಿಕೊಂಡು, ಲ್ಯಾಪ್‌ಟಾಪ್ ಮುಂದಿಟ್ಟುಕೊಂಡೆ. ಹಗಲಿನ ಬಿಸಿ ಇನ್ನೂ ಮಾಳಿಗೆ ಮಣ್ಣಿನಲ್ಲಿತ್ತು. ಸ್ಕ್ರೀನಿನ ಮೇಲೆ ನೋಡಿದರೆ ಎಲ್ಲಾ ಬಿಳಿ. ಅಷ್ಟೊಂದು ಬಿಳಿ ನೋಡಿ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ತಂಗಿ ಬಂದಳು.

"ಇದೇನ ನೋಡಾಕತ್ತಿಯೋ ಅಣ್ಣಾ?"

"ಸ್ಕೀಯಿಂಗ್. ಅಮೆರಿಕಾದ ಕಾಲೇಜ್ ಹುಡುಗರದು."

"ಹುಡುಗ್ಯಾರ ಓಡಾಕತ್ತಾರಲ್ಲ."

ಹೌದಲ್ಲ ಅಂತ ನೋಡಿದೆ. ಹುಡುಗಿಯರ ಕ್ರಾಸ್ ಕಂಟ್ರಿ ನಡೀತಿತ್ತು. ಸ್ಕೀಯಿಂಗ್ ಅಂದ್ರೆ ಬೆಟ್ಟದ ಮೇಲಿಂದ ಜರ್ರನೆ ಜಾರಿಕೊಂಡು ಬರೋದು ಅಂತಷ್ಟೇ ನಾನು ತಿಳಿದಿದ್ದೆ. ಆದರೆ ಇದು ಹಾಗಲ್ಲ. ಉದ್ದನೆಯ ಸಣ್ಣ ಹಲಗೆಗಳನ್ನು ಬೂಟಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಕೋಲು ಊರುತ್ತಾ, ಕಾಡಿನ ಮಧ್ಯೆ ಏರಿನಲ್ಲೂ ಇಳಿಜಾರಿನಲ್ಲೂ ಹತ್ತಾರು ಕಿಲೋಮೀಟರ್ ಹೋಗೋದು. ಬೂಟಿನ ಹಿಮ್ಮಡಿ ಹಲಗೆಗೆ ಅಂಟಿಕೊಂಡಿರಲ್ಲ, ಮುಂಗಾಲು ಮಾತ್ರ. ಏರು ಬಂದಾಗ ನಿಜಕ್ಕೂ ಓಡ್ತಾರೆ. ತಂಗಿ "ಓಡಾಕತ್ತಾರ" ಅಂದಿದ್ದು ಸರಿಯಾಗೇ ಇತ್ತು. ಅವಳಿಗೆ ಅದು ಮೊದಲ ನೋಟಕ್ಕೇ ಗೊತ್ತಾಗಿತ್ತು.

ಮ್ಯಾನೇಜರಮ್ಮನ ಮುಂದೆ ಮಾನ ಹೋಗಬಾರದು ಅಂತ ನಾನು ಮೊದಲೇ ಒಂದಿಷ್ಟು ಓದಿಕೊಂಡಿದ್ದೆ. ಅದನ್ನೇ ತಂಗಿಗೂ ಹೇಳಿದೆ. ನಿಮಗೂ ಹೇಳ್ತೀನಿ, ಬೇಜಾರಾದರೆ ಈ ಪ್ಯಾರಾ ಹಾರಿಸಿ. ಈ ಚಾಂಪಿಯನ್‌ಶಿಪ್ ಶುರುವಾಗಿದ್ದು 1954ರಲ್ಲಿ, ಹುಡುಗರಿಗೆ ಮಾತ್ರ. ಇಪ್ಪತ್ತೊಂಬತ್ತು ವರ್ಷ ಹಾಗೇ ನಡೀತು. ಈ ನಡುವೆ 1972ರಲ್ಲಿ ಅಲ್ಲಿ ಟೈಟಲ್ ನೈನ್ ಅಂತ ಒಂದು ಕಾಯ್ದೆ ಬಂತು. ಸರ್ಕಾರದ ದುಡ್ಡು ತಗೊಳ್ಳೋ ಯಾವ ವಿದ್ಯಾಸಂಸ್ಥೆಯೂ ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅನ್ನೋದು. ಅದರ ಬಿಸಿ ಆಟದ ಮೈದಾನಕ್ಕೂ ತಟ್ಟಿತು. 1983ರಿಂದ ಈ ಚಾಂಪಿಯನ್‌ಶಿಪ್‌ನಲ್ಲಿ ಹುಡುಗಿಯರೂ ಬಂದರು. ಆದರೆ ಬೇರೆ ಕಪ್ಪು ಇಟ್ಟು ಪಕ್ಕಕ್ಕೆ ಕೂರಿಸಲಿಲ್ಲ. ಒಂದು ಕಾಲೇಜಿಗೆ ಒಂದೇ ತಂಡ. ಹೆಚ್ಚೆಂದರೆ ಹನ್ನೆರಡು ಜನ, ಆರು ಹುಡುಗರು, ಆರು ಹುಡುಗಿಯರು. ಅದರಲ್ಲಿ ಅರ್ಧ ಬೆಟ್ಟ ಇಳಿಯೋರು, ಅರ್ಧ ಕ್ರಾಸ್ ಕಂಟ್ರಿಯವರು. ನಾಲ್ಕು ದಿನ, ಎಂಟು ರೇಸು, ನಾಲ್ಕು ಇವರಿಗೆ, ನಾಲ್ಕು ಅವರಿಗೆ. ಎಷ್ಟನೇ ಸ್ಥಾನ ಬಂದರೋ ಅದಕ್ಕೆ ತಕ್ಕ ಹಾಗೆ ಪಾಯಿಂಟು. ಕೊನೆಗೆ ಎಂಟೂ ರೇಸಿನ ಪಾಯಿಂಟು ಕೂಡಿಸಿದರೆ ಯಾರದು ಜಾಸ್ತಿಯೋ ಅವರಿಗೆ ಕಪ್ಪು.

"ಅಂದ್ರ ಹುಡುಗರ ಪಾಯಿಂಟು ಹುಡುಗ್ಯಾರ ಪಾಯಿಂಟು ಒಂದ ಕಡೆ ಕೂಡಸ್ತಾರ?"

"ಹೂಂ."

ತಂಗಿ ಮಗಳ ಬೆನ್ನು ತಟ್ಟುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು.

"ಹಂಗಿದ್ರ ಹುಡುಗ್ಯಾರ್ನ ಬಿಟ್ಟು ಹೋದ್ರ ಕಾಲೇಜ ಸೋಲತೈತಿ."

ನಾನು ಇಂಜಿನಿಯರು, ಅಂಕಿ ಸಂಖ್ಯೆ ನನ್ನ ಹೊಟ್ಟೆಪಾಡು. ಎರಡು ಗಂಟೆ ಓದಿಯೂ ನನಗೆ ಹೊಳೆಯದಿದ್ದನ್ನು ಬಿ.ಎ. ಓದಿದ ತಂಗಿ ಎರಡು ನಿಮಿಷಕ್ಕೆ ಹೇಳಿದ್ದಳು. ಯಾಕೆ ಅಷ್ಟು ಬೇಗ ಹೊಳೀತು ಅನ್ನೋದೂ ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಸ್ಕ್ರೀನ್ ನೋಡ್ತಾ ಕೂತೆ.

ಮರುದಿನ ಬೆಟ್ಟ ಇಳಿಯೋ ರೇಸು, ವೈಟ್‌ಫೇಸ್ ಅನ್ನೋ ಬೆಟ್ಟದಲ್ಲಿ. ನೆಟ್ಟ ಕಂಬಗಳ ನಡುವೆ ಹಾವಿನ ಹಾಗೆ ಹೊರಳಿಕೊಂಡು ಬರೋದು. ತಂಗಿಗೆ ಹಿಡಿಸಲಿಲ್ಲ. "ಒಂದ ನಿಮಿಷಕ್ಕ ಮುಗೀತು, ಇದರಾಗ ಏನೈತಿ" ಅಂತ ಎದ್ದು ಹೋದಳು. ಅಪ್ಪ ಮಾತ್ರ ಅದನ್ನು ಬಾಯಿ ಬಿಟ್ಟುಕೊಂಡು ನೋಡಿದ. ಅವ್ವನ ಪ್ರಶ್ನೆ ಒಂದೇ, "ಅಷ್ಟ ಥಂಡ್ಯಾಗ ಅವರವ್ವಗೋಳು ಹೆಂಗ ಕಳಿಸ್ಯಾರ?"

ಶನಿವಾರ ಕೊನೇ ದಿನ, ಮತ್ತೆ ಕ್ರಾಸ್ ಕಂಟ್ರಿ. ಮೌಂಟ್ ವ್ಯಾನ್ ಹೋವೆನ್‌ಬರ್ಗ್ ಅಂತ ಬಾಯಿಗೆ ಸಿಗದ ಹೆಸರಿನ ಜಾಗ. ತಂಗಿ ಆ ದಿನ ಕೆಲಸ ಬೇಗ ಮುಗಿಸಿ, ಮಗಳನ್ನು ಮಲಗಿಸಿ, ನನಗಿಂತ ಮುಂಚೆ ಮಾಳಿಗೆ ಹತ್ತಿ ಕೂತಿದ್ದಳು.

ಈ ಹಲಗೆಗಳ ತಳಕ್ಕೆ ಮೇಣ ಹಚ್ಚುತ್ತಾರೆ. ಅದೇ ಒಂದು ದೊಡ್ಡ ವಿದ್ಯೆ. ಹಳೇ ಶೈಲಿಯ ಓಟದಲ್ಲಿ ಹಲಗೆಯ ತುದಿಗಳಿಗೆ ಜಾರೋ ಮೇಣ, ನಡುವೆ ಪಾದದ ಕೆಳಗೆ ಹಿಡಿಯೋ ಮೇಣ. ಕಾಲು ಒತ್ತಿದಾಗ ನಡುಭಾಗ ಹಿಮ ಕಚ್ಚಿಕೊಂಡು ಮುಂದೆ ತಳ್ಳೋಕೆ ಆಧಾರ ಕೊಡಬೇಕು, ಬಿಟ್ಟಾಗ ಜಾರಬೇಕು. ಹಿಮದ ಬಿಸಿ ತಂಪು ಒಂದೆರಡು ಡಿಗ್ರಿ ಹೆಚ್ಚು ಕಡಿಮೆ ಆದರೂ ಮೇಣ ಬದಲಾಗಬೇಕು. ತಪ್ಪಿದರೆ ಏರಿನಲ್ಲಿ ಹಿಂದಕ್ಕೆ ಜಾರ್ತಾರೆ, ಇಲ್ಲವೇ ಹಿಮ ಮೆತ್ತಿಕೊಂಡು ಹಲಗೆ ಭಾರ ಆಗುತ್ತೆ. ಇದನ್ನು ನಾನು ದೊಡ್ಡ ಪಂಡಿತನ ಹಾಗೆ ವಿವರಿಸ್ತಿದ್ದರೆ ತಂಗಿ ನಕ್ಕಳು.

"ನಮ್ಮ ಎರಿ ಮಣ್ಣಿನಂಗ."

ನಮ್ಮ ಕಡೆಯವರಿಗೆ ಹೇಳೋದೇ ಬೇಡ. ಉಳಿದವರಿಗೆ: ಎರಿ ಹೊಲದಲ್ಲಿ ಒಂದು ಮಳೆಯಾದ ಮೇಲೆ ನಡೆದು ನೋಡಿ. ಮೊದಲ ಹತ್ತು ಹೆಜ್ಜೆ ಜಾರುತ್ತೆ. ಆಮೇಲಿನ ಹತ್ತು ಹೆಜ್ಜೆಗೆ ಚಪ್ಪಲಿಗೆ ಮಣ್ಣು ಮೆತ್ತಿ ಮೆತ್ತಿ ಒಂದೊಂದು ಕಾಲೂ ಎರಡೆರಡು ಕಿಲೋ. ಚಪ್ಪಲಿ ಕೈಯಲ್ಲಿ ಹಿಡಿದರೆ ಕಾಲಿಗೇ ಮೆತ್ತುತ್ತೆ. ತಂಗಿ ಓಡೋದನ್ನು ಕಲಿತಿದ್ದು ಅಂಥಾ ದಾರಿಯಲ್ಲಿ. ಮಳೆಗಾಲದಲ್ಲಿ ಕೆರೆ ಏರಿಯ ಮೇಲೆ, ಬೇಸಿಗೆಯಲ್ಲಿ ಬೆಣ್ಣಿಹಳ್ಳದ ಕಡೆ ಹೋಗೋ ಚಕ್ಕಡಿ ದಾರಿಯಲ್ಲಿ. ಮಣ್ಣು ಮೆತ್ತದಿರಲಿ ಅಂತ ಬೂಟಿನ ತಳಕ್ಕೆ ಎಣ್ಣೆ ಹಚ್ಚಿಕೊಂಡು ಹೋಗಿ ಅವ್ವನ ಕಡೆ ಬೈಸಿಕೊಂಡಿದ್ದನ್ನು ಅವಳೇ ಆ ರಾತ್ರಿ ನೆನಪು ಮಾಡಿದಳು.

ಬೂಟು ಅಂದೆನಲ್ಲ. ಅದು ನನ್ನವು. ನಾನು ಹಾಕಿ ಬಿಟ್ಟ ಎಂಟು ನಂಬರಿನ ಬೂಟು. ಅವಳ ಕಾಲು ಆರು. ಮುಂದೆ ಹಳೇ ಬಟ್ಟೆ ತುರುಕಿ ಹಾಕಿಕೊಳ್ತಿದ್ದಳು.

2018. ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ, ಹಾಸ್ಟೆಲಿನಲ್ಲಿ. ತಂಗಿ ಬಿ.ಎ. ಎರಡನೇ ವರ್ಷ, ದಿನಾ ಬಸ್ಸಿಗೆ ಓಡಾಟ. ಕಾಲೇಜುಗಳ ನಡುವಿನ ಕ್ರಾಸ್ ಕಂಟ್ರಿ ಓಟದಲ್ಲಿ ಆ ಬೂಟು ಹಾಕಿಕೊಂಡೇ ಐದನೇಯವಳಾಗಿ ಬಂದಳು. ಯೂನಿವರ್ಸಿಟಿ ತಂಡಕ್ಕೆ ಆರು ಜನ. ಅಂದ್ರೆ ಆಯ್ಕೆಯಾದಳು. ಅಖಿಲ ಭಾರತ ಅಂತರ್ ವಿಶ್ವವಿದ್ಯಾಲಯ ಸ್ಪರ್ಧೆಗೆ ಹೋಗಬೇಕು, ಎರಡು ರಾತ್ರಿ ರೈಲು. ಜೊತೆಗೆ ಒಬ್ಬ ಮೇಡಂ ಬರ್ತಿದ್ರು. ಟಿಕೆಟ್ಟು, ಊಟ, ಕಿಟ್ಟು ಎಲ್ಲಾ ಅವರದೇ. ಮನೆಯವರ ಸಹಿ ಒಂದು ಬೇಕಿತ್ತು.

ಅಪ್ಪ ಸಹಿ ಮಾಡೋ ಮುಂಚೆ ನನಗೆ ಫೋನ್ ಮಾಡಿದ. ಮನೆಯಲ್ಲಿ ಮೊದಲ ಇಂಜಿನಿಯರು ಅಂದ್ರೆ ಗೊತ್ತಲ್ಲ, ಹೊಲಕ್ಕೆ ಏನು ಬಿತ್ತಬೇಕು ಅನ್ನೋದನ್ನು ಬಿಟ್ಟು ಉಳಿದಿದ್ದೆಲ್ಲಾ ನನ್ನನ್ನು ಕೇಳೋ ರೂಢಿ ಆಗಿತ್ತು. "ಏನಪಾ, ಕಳಸೂದಾ ಹೆಂಗ? ನಾ ಏನ್ ಓದಿಲ್ಲ ಬರದಿಲ್ಲ. ನೀ ಹೇಳಿದಂಗ."

ನಾನು ಅಂದೆ: "ಯಾಕ ಬೇಕಪಾ, ಅಷ್ಟ ದೂರ. ಮುಂದ ಪರೀಕ್ಷೆ ಅದಾವು ಆಕೀವು. ಓದ್ಲಿ."

ಅಷ್ಟೇ. ಅರ್ಧ ನಿಮಿಷ ಕೂಡ ಆಗಿರಲಿಕ್ಕಿಲ್ಲ.

ಪರೀಕ್ಷೆ ಅನ್ನೋದು ನೆಪ. ಅದಕ್ಕೆ ವಾರ ಮೊದಲು ಹಾಸ್ಟೆಲಿನಲ್ಲಿ ನಮ್ಮ ಕಡೆಯವನೇ ಒಬ್ಬ ನಾಲ್ಕು ಜನರ ಮುಂದೆ "ಏನೋ, ನಿಮ್ಮ ತಂಗಿ ಪ್ಯಾಂಟ್ ಹಾಕ್ಕೊಂಡು ಕೆರಿ ಏರಿ ಮ್ಯಾಲ ಓಡತಾಳಂತಲ್ಲೋ" ಅಂತ ಅಂದಿದ್ದ. ಅವನು ಬೈದಿದ್ದೂ ಅಲ್ಲ, ಹೊಗಳಿದ್ದೂ ಅಲ್ಲ. ನಾಲ್ಕು ಜನ ನಕ್ಕರು. ನಾನೂ ನಕ್ಕೆ. ನಕ್ಕಿದ್ದು ಆಮೇಲೆ ಒಳಗೆ ಕೊರೀತಾ ಇತ್ತು. ಆ ಫೋನ್ ಬಂದಾಗ ಹೊರಗೆ ಬಂದಿದ್ದು ಅದೇ. ಇನ್ನೊಂದು ವಿಷಯ ಹೇಳಿಬಿಡ್ತೀನಿ. ಅದೇ ತಿಂಗಳು ನಾನು ಬೆಳಗಾವಿಗೆ ಕಾಲೇಜ್ ಫೆಸ್ಟ್ ಅಂತ ಮೂರು ದಿನ ಹೋಗಿದ್ದೆ. ಯಾರನ್ನೂ ಕೇಳಿರಲಿಲ್ಲ. ದುಡ್ಡು ಸಾಲದಾದಾಗ ಅಪ್ಪನಿಗೆ ಫೋನ್ ಮಾಡಿದ್ದೆ, ಹಾಕಿದ್ದ.

ತಂಗಿ ಹೋಗಲಿಲ್ಲ. ಏಳನೇಯವಳು ಯಾರೋ ಅವಳ ಜಾಗದಲ್ಲಿ ಹೋದಳು. ತಂಗಿ ಮತ್ತೆ ಯಾವ ರೇಸಿಗೂ ಹೋಗಲಿಲ್ಲ. ಬೂಟು ಹಿತ್ತಲಲ್ಲಿ ಬಿದ್ದಿತ್ತು, ಒಂದು ಮಳೆಗಾಲ ಕಳೆದು ಹಾಳಾಯ್ತು. ಅಪ್ಪ ಬೇಡ ಅಂದ, ಹಳ್ಳಿ ಜನ, ಏನು ಮಾಡೋದು, ಅಂತ ಗೆಳೆಯರ ಹತ್ತಿರ ಹೇಳಿಕೊಂಡು ತಿರುಗಿದೆ. ಒಂದು ಸಲ ನಮ್ಮ ಸಮಾಜ ಹೆಣ್ಣುಮಕ್ಕಳನ್ನು ಹೇಗೆ ಹಿಂದಕ್ಕೆಳೆಯುತ್ತೆ ಅಂತ ಇದೇ ಬ್ಲಾಗಿನಲ್ಲಿ ಬರೆದಿದ್ದೆ ಕೂಡ. ನಿಮ್ಮಲ್ಲಿ ಕೆಲವರು ಚೆನ್ನಾಗಿದೆ ಅಂದಿದ್ರಿ. ಆ ಪೋಸ್ಟನ್ನು ತೆಗೆದಿದ್ದೇನೆ.

ಮತ್ತೆ ಮಾಳಿಗೆಗೆ ಬರೋಣ. ಶನಿವಾರದ್ದು ಎಲ್ಲರೂ ಒಟ್ಟಿಗೆ ಹೊರಡೋ ರೇಸು. ಮೊದಲು ಮುಂದಿನವರು ಹದಿನೈದು ಇಪ್ಪತ್ತು ಜನ ಗುಂಪಾಗಿ, ಒಬ್ಬರ ಹಿಂದೆ ಒಬ್ಬರು, ಗಾಳಿ ತಪ್ಪಿಸಿಕೊಂಡು ಹೋಗ್ತಾರೆ. ಯಾರೂ ಮುಂದೆ ಹೋಗೋಕೆ ಅವಸರ ಮಾಡಲ್ಲ. ತಂಗಿ ಕಾಮೆಂಟರಿ ಶುರು ಮಾಡಿದ್ದಳು. "ಆ ನೀಲಿ ಅಂಗಿಯಾಕಿನ ನೋಡು, ಆರಾಮ ಅದಾಳ. ಮುಂದಿನಾಕಿದು ಭುಜ ಏರಾಕತ್ತೈತಿ, ಆಕೀದು ಮುಗೀತು." ನನಗೆ ಎಲ್ಲರೂ ಒಂದೇ ಥರ ಕಾಣ್ತಿದ್ರು. ಎರಡು ಏರು ಕಳೆಯೋದರೊಳಗೆ ಮುಂದಿನವಳು ನಿಜಕ್ಕೂ ಹಿಂದೆ ಬಿದ್ದಳು.

ಆಗಲೇ, ಸ್ಕ್ರೀನ್ ನೋಡ್ತಾನೇ, ತಂಗಿ ಅಂದಳು.

"ಅವತ್ತ ಅಪ್ಪ ನಿನಗ ಫೋನ್ ಹಚ್ಚಿದಾಗ ನಾ ಅಲ್ಲೇ ಇದ್ದೆ."

"ಯಾವಾಗ?" ಅಂದೆ. ಯಾವಾಗ ಅಂತ ಗೊತ್ತಿತ್ತು.

"ಅಪ್ಪಗ ಕಿವಿ ಮಂದ ಅಲ್ಲ, ಯಾವಾಗಲೂ ಸ್ಪೀಕರಿಗೇ ಹಾಕತಾನ. ನಾ ಒಳಗ ರೊಟ್ಟಿ ಮಾಡಾಕತ್ತಿದ್ನಿ. ಪರೀಕ್ಷಿ ಅದಾವು ಅಂದಿ."

ನಾನು ಏನೂ ಅನ್ನಲಿಲ್ಲ.

"ಪರೀಕ್ಷಿ ಮುಗದು ಹದಿನೈದ ದಿನ ಆಗಿತ್ತಣ್ಣಾ."

ಐದು ವರ್ಷ. ಐದು ವರ್ಷ ಅವಳು ನನಗೆ ರಾಖಿ ಕಟ್ಟಿದ್ದಾಳೆ, ಪಂಚಮಿಗೆ ಉಂಡಿ ಡಬ್ಬಿ ತುಂಬಿ ಕಳಿಸಿದ್ದಾಳೆ, ಮದುವೆಯಲ್ಲಿ ನನ್ನ ಕೈ ಹಿಡಿದು ಅತ್ತಿದ್ದಾಳೆ. ಅಷ್ಟೂ ದಿನ ಇದು ಅವಳಿಗೆ ಗೊತ್ತಿತ್ತು. ಅವಳ ಪರೀಕ್ಷೆ ಯಾವಾಗ ಇದೆ, ಯಾವಾಗ ಮುಗೀತು ಅನ್ನೋದೇ ನನಗೆ ಆಗ ತಿಳಿದಿರಲಿಲ್ಲ ಅನ್ನೋದೂ ಗೊತ್ತಿತ್ತು. ನಿಜ ಹೇಳ್ತೀನಿ, ಅದು ಜಾಸ್ತಿ ನಾಟಿತು. ತಪ್ಪಾಯ್ತು ಅಂದೆ. ಅಂದೆನೋ, ಗಂಟಲಲ್ಲೇ ಉಳೀತೋ ಖಾತ್ರಿಯಿಲ್ಲ. ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. "ನೋಡು ನೋಡು, ನೀಲಿಯಾಕಿ ಬಂದ್ಲು" ಅಂತ ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡಳು.

ಗೆರೆ ದಾಟಿದ ಹುಡುಗಿಯರು ಒಬ್ಬೊಬ್ಬರಾಗಿ ದಬಕ್ಕನೆ ಹಿಮದ ಮೇಲೆ ಬಿದ್ದರು. ಹಲಗೆ ಬಿಚ್ಚೋಕೂ ತ್ರಾಣ ಇಲ್ಲದೆ, ಕೋಲು ಅತ್ತ ಇತ್ತ ಚೆಲ್ಲಿ, ಬಾಯಿ ತೆರೆದುಕೊಂಡು ಅಂಗಾತ ಬಿದ್ದಿದ್ದರು. ಈ ಆಟದಲ್ಲಿ ಅದು ಮಾಮೂಲಂತೆ. ತಂಗಿಗೆ ಅದು ಸರಿ ಬರಲಿಲ್ಲ. "ಹಂಗ ಬೀಳಬಾರದು. ಎಷ್ಟ ಸುಸ್ತಾದ್ರೂ ನಡಕೋಂತ ಇರಬೇಕು, ಕುಂತ್ರ ಕಾಲು ಹಿಡೀತಾವು ಅಂತ ನಮ್ಮ ಸರ್ ಬೈತಿದ್ರು" ಅಂದಳು. ಅವಳ ಕಣ್ಣು ಮಾತ್ರ ಬಿದ್ದವರ ಮೇಲೇ ಇತ್ತು.

ಆ ವರ್ಷ ಕಪ್ಪು ಯೂಟಾ ವಿಶ್ವವಿದ್ಯಾಲಯಕ್ಕೆ ಹೋಯ್ತು. ಮ್ಯಾನೇಜರಮ್ಮನ ಹುಡುಗಿ ಎಷ್ಟನೇಯವಳೋ ಮರೆತಿದೆ, ಬಹಳ ಹಿಂದೆ ಇದ್ದಳು. ಆದರೆ ಸೋಮವಾರ ಆಕೆ ಹೇಳಿದ್ದು ಅವಳು ತಂದ ಪಾಯಿಂಟು ಎಷ್ಟು ಅಂತ, ಸ್ಥಾನ ಅಲ್ಲ.

ಆಮೇಲೆ ನಾನು ಇದರ ಹಿಂದೆಯೇ ಬಿದ್ದೆ, ಓದಿದೆ. ಅಲ್ಲಿ ಎಲ್ಲಾ ಚಂದ ಅಂತೇನೂ ತಿಳೀಬೇಡಿ. ಅದು ದುಡ್ಡಿದ್ದವರ ಆಟ. ಹಲಗೆ, ಬೂಟು, ಕೋಲು, ಮೇಣ, ಬೆಟ್ಟ ಹತ್ತಿಸೋ ಲಿಫ್ಟಿನ ಟಿಕೆಟ್ಟು, ಎಲ್ಲಾ ದುಬಾರಿ. 1954ರಿಂದ ಇಲ್ಲಿಯವರೆಗೆ ಕಪ್ಪು ಗೆದ್ದಿರೋ ವಿಶ್ವವಿದ್ಯಾಲಯಗಳನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದು, ಡೆನ್ವರ್ ಒಂದೇ 24 ಸಲ ಗೆದ್ದಿದೆ. ಗೆಲ್ಲೋದಕ್ಕೆ ನಾರ್ವೆ, ಸ್ವೀಡನ್ನಿನಿಂದ ಹುಡುಗ ಹುಡುಗಿಯರನ್ನು ಕರೆಸಿ ಸ್ಕಾಲರ್‌ಶಿಪ್ ಕೊಟ್ಟು ಸೇರಿಸಿಕೊಳ್ತಾರೆ. ಕುಸ್ತಿ ಪೈಲ್ವಾನರಿಗೆ ನಮ್ಮ ಕಡೆ ಕಾಲೇಜುಗಳು ಅಡ್ಮಿಷನ್ ಮಾಡಿಸಿಕೊಳ್ಳೋ ಹಾಗೆಯೇ. ನ್ಯೂ ಮೆಕ್ಸಿಕೋ ಅಂತ ಒಂದು ರಾಜ್ಯ ಇದೆ, ಬಹುಪಾಲು ಒಣ ಸೀಮೆ, ನಮ್ಮ ಹಾಗೆ. ಅಲ್ಲಿನ ವಿಶ್ವವಿದ್ಯಾಲಯ 2004ರಲ್ಲಿ ಎಲ್ಲರನ್ನೂ ಹಿಂದೆ ಹಾಕಿ ಕಪ್ಪು ಗೆದ್ದಿತ್ತು. ಅದೇ ವಿಶ್ವವಿದ್ಯಾಲಯ 2018ರಲ್ಲಿ, ದುಡ್ಡಿಲ್ಲ ಅಂತ ಸ್ಕೀ ತಂಡವನ್ನೇ ತೆಗೆಯೋ ತೀರ್ಮಾನ ಮಾಡಿತು. 2018 ಅಂತ ಓದಿದಾಗ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಯಾರಿಗೆ ಗೊತ್ತು, ಆ ವರ್ಷ ಅಲ್ಲಿಯೂ ಎಷ್ಟು ಹುಡುಗಿಯರ ಬೂಟು ಮೂಲೆ ಸೇರಿದವೋ. ಹುಡುಗರದೂ ಅನ್ನಿ.

ಅಲ್ಲಿನ ಕೋಚುಗಳು ನಮ್ಮಪ್ಪನಿಗಿಂತಲೋ ನನಗಿಂತಲೋ ದೊಡ್ಡ ಮನಸ್ಸಿನವರು ಅಂತ ನನಗನ್ನಿಸಲ್ಲ. ಆರು ಹುಡುಗಿಯರನ್ನು ಮನೆಯಲ್ಲಿ ಬಿಟ್ಟು ಬಂದರೆ ಅರ್ಧ ಪಾಯಿಂಟು ಹೋಗುತ್ತೆ. ಯಾವ ಕೋಚೂ ಬಿಡಲ್ಲ. ನಮ್ಮ ತಂಗಿಯ ಕಾಲೇಜಿಗೆ ಅವಳು ಹೋದರೂ ಒಂದೇ, ಬಿಟ್ಟರೂ ಒಂದೇ ಆಗಿತ್ತು. ಒಬ್ಬರಾದರೂ ಮನೆ ಬಾಗಿಲಿಗೆ ಬಂದು "ಯಾಕ್ರೀ ಕಳಸಂಗಿಲ್ಲ" ಅಂತ ಕೇಳಲಿಲ್ಲ.

ನಮ್ಮವರು ಯಾರಾದರೂ ಈ ಆಟದಲ್ಲಿ ಇದ್ದಾರಾ ಅಂತ ತಂಗಿ ಅವತ್ತೇ ರಾತ್ರಿ ಕೇಳಿದ್ದಳು. ಹುಡುಕಿದರೆ ಸಿಕ್ಕರು! ಕೊಡಗಿನ ಭವಾನಿ. ಭವಾನಿ ತೆಕ್ಕಡ ನಂಜುಂಡ. ಪರ್ವತಾರೋಹಣದಿಂದ ಸ್ಕೀಯಿಂಗಿಗೆ ಬಂದವರು. ಆ 2023ರಲ್ಲೇ, ನಾವು ಮಾಳಿಗೆ ಮೇಲೆ ಕೂತಿದ್ದಕ್ಕೆ ಕೆಲವೇ ದಿನ ಮೊದಲು, ಸ್ಲೊವೇನಿಯಾದ ಪ್ಲಾನಿಟ್ಸಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಪರವಾಗಿ ಓಡಿ ಬಂದಿದ್ದರು, ಇದೇ ಕ್ರಾಸ್ ಕಂಟ್ರಿಯಲ್ಲಿ. ಮುಂದೆ ಚಿಲಿಯಲ್ಲಿ ನಡೆದ ಅಂತಾರಾಷ್ಟ್ರೀಯ ರೇಸೊಂದರಲ್ಲಿ ಐದು ಕಿಲೋಮೀಟರಿಗೆ ಕಂಚು ಗೆದ್ದರು. ಹಿಮವೇ ಬೀಳದ ಕರ್ನಾಟಕದಿಂದ! ತಂಗಿ ಅವರ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. "ಇವರ ಮನ್ಯಾಗ ಅಣ್ಣ ಇಲ್ಲೇನ?" ಅಂದಳು. ತಮಾಷೆಗೇ ಅಂದಿದ್ದು. ನಾನೂ ನಕ್ಕೆ. ನನ್ನ ನಗು ಹೇಗಿತ್ತೋ ದೇವರಿಗೇ ಗೊತ್ತು.

ಮರುದಿನ ನಾಲ್ಕು ಸಾಲು ಬರೆದು ಡ್ರಾಫ್ಟಿಗೆ ಹಾಕಿ ಸುಮ್ಮನಾದೆ.

ಈಗ ಮೊನ್ನೆಯ ಫೋನಿನ ವಿಷಯ. ತಂಗಿ ಬಿ.ಎಡ್. ಮುಗಿಸಿದ್ದಳು, ಎರಡು ವರ್ಷದಿಂದ ಅಲ್ಲೇ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಸಮಾಜ ವಿಜ್ಞಾನ ಹೇಳಿಕೊಡ್ತಾಳೆ. ಪಿ.ಇ. ಮಾಸ್ತರ ಹುದ್ದೆ ಖಾಲಿ ಇರೋದರಿಂದ ಗ್ರೌಂಡೂ ಅವಳ ತಲೆಗೇ. ಈ ಸಲ ಶಾಲೆಯ ಆಟೋಟದಲ್ಲಿ ನಾಲ್ಕು ಹೌಸ್ ಮಾಡಿ, ಹುಡುಗರದೂ ಹುಡುಗಿಯರದೂ ಪಾಯಿಂಟು ಒಟ್ಟಿಗೆ ಕೂಡಿಸಿ ಒಂದೇ ಶೀಲ್ಡು ಅಂತ ಮಾಡಿದಳಂತೆ. ಮೊದಲು ದೊಡ್ಡ ಜಗಳ. ಎಲ್ಲಾ ರೇಸು ನಾವು ಗೆದ್ದೀವಿ, ಶೀಲ್ಡು ಅವರಿಗೆ ಹೆಂಗ ಹೋತು ಅಂತ ಒಂದು ಹೌಸಿನ ಹುಡುಗರು ಶಾಲೆ ಗೇಟಿನಲ್ಲಿ ಕೂತುಬಿಟ್ಟರಂತೆ.

"ಏನಂದಿ ನೀ?"

"ಏನ್ ಅನ್ಲಿ. ಬೋರ್ಡಿನ ಮ್ಯಾಲ ಲೆಕ್ಕ ಬರದ ತೋರಿಸಿದ್ನಿ. ನಿಮ್ಮ ಹೌಸಿನ ಹುಡುಗ್ಯಾರು ರಿಲೇಕ್ಕ ಬರಲೇ ಇಲ್ಲಪಾ, ಸೊನ್ನಿ ಬಿತ್ತು ಅಂದ್ನಿ. ಯಾಕ ಬರಲಿಲ್ಲ ಟೀಚರ್ ಅಂದ್ರು. ನನಗೇನ್ ಕೇಳ್ತೀರಿ, ಅವರನ್ನ ಕೇಳಿ ಬರ್ರಿ ಅಂತ ಕಳಿಸಿದ್ನಿ."

ಅವರಲ್ಲಿ ಒಬ್ಬಳು ಎಂಟನೇ ತರಗತಿಯ ಹುಡುಗಿ ಚೆನ್ನಾಗಿ ಓಡ್ತಾಳಂತೆ, ಬರಿಗಾಲಲ್ಲಿ. ಒಂಬತ್ತನೇ ತರಗತಿಯಲ್ಲಿ ಇನ್ನೊಬ್ಬಳು. ತಾಲೂಕಾ ಮಟ್ಟಕ್ಕೆ ಕರೆದುಕೊಂಡು ಹೋಗಬೇಕು. ಫೋನ್ ಮಾಡಿದ್ದು ಅದಕ್ಕೇ.

"ಮೂರ ಜೊತಿ ಬೂಟ ಬೇಕು. ಓಡೂವು, ಸುಮ್ನ ಸ್ಟೈಲಿನ್ವು ಬ್ಯಾಡ. ಬರಕೋ. ಒಂದು ನಾಕ ನಂಬರು, ಒಂದು ಐದು, ಒಂದು ಆರು."

"ಇಬ್ಬರಂದಿ. ಆರು ಯಾರಿಗೆ?"

"ಕಳಸಲ್ಲ ಸುಮ್ನ."

ಅವತ್ತೇ ಆರ್ಡರ್ ಮಾಡಿದೆ. ಗುರುವಾರ ಮುಟ್ಟುತ್ತೆ ಅಂತ ತೋರಿಸ್ತಿದೆ. ಕಲಘಟಗಿಯ ಆ ಹಳ್ಳಿಗೆ ಕೊರಿಯರಿನವರು ಹೋಗಲ್ಲವಂತೆ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿಯ ವಿಳಾಸ ಕೊಟ್ಟಿದ್ದಾಳೆ.